ಹೆರಿಗೆ ರಜೆಯ ನಂತರ ಕೆಲಸ ಬಿಡಬೇಕೇ? ಅನುಭವಿಗಳ ಸಲಹೆ

ಪ್ರಶ್ನೆ, ಬೆಂಗಳೂರಿನಿಂದ:
ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದ ಖಾಯಂ ನೌಕರಿಯಲ್ಲಿ ನಾಲ್ಕು ವರ್ಷ ಮುಗಿಸಿದ್ದೇನೆ. ಹೆರಿಗೆ ರಜೆ ಮುಂದಿನ ತಿಂಗಳು ಮುಗಿಯುತ್ತದೆ. ಡೇ ಕೇರ್ ಶುಲ್ಕವನ್ನೂ ಓಡಾಟದ ಖರ್ಚನ್ನೂ ಕಳೆದರೆ ನನ್ನ ಸಂಬಳದಲ್ಲಿ ಉಳಿಯುವುದು ಅತ್ಯಲ್ಪವಾದ್ದರಿಂದ ಕೆಲಸ ಬಿಡುವುದೇ ಲೇಸೆಂಬುದು ಮನೆಯವರ ಅಭಿಪ್ರಾಯ. ಇಂಥ ಸಂದರ್ಭದಲ್ಲಿ ನೀವೇನು ಮಾಡಿದಿರಿ, ದಯವಿಟ್ಟು ತಿಳಿಸಿ.

ಮೈಸೂರಿನಿಂದ:
ಡೇ ಕೇರ್ ಶುಲ್ಕವನ್ನು ನಿಮ್ಮೊಬ್ಬರ ಸಂಬಳದಿಂದಲೇ ಏಕೆ ಕಳೆಯಲಾಗಿದೆ ಎಂದು ಮೊದಲು ಕೇಳಿ. ಮನೆ ಬಾಡಿಗೆಯನ್ನು ಪೂರ್ತಿ ಗಂಡನ ಸಂಬಳದಿಂದ ಕಳೆದು, ಉಳಿಯುವುದು ಇಷ್ಟೇ ಆದ್ದರಿಂದ ಕೆಲಸ ಬಿಡಿ ಎಂದು ಅವರಿಗೆ ಯಾರೂ ಹೇಳುವುದಿಲ್ಲವಷ್ಟೆ. ನಾವು ಆ ಶುಲ್ಕವನ್ನು ಇಬ್ಬರ ಸಂಬಳದ ಅನುಪಾತದಲ್ಲಿ ಹಂಚಿ ಬರೆದೆವು. ಕೆಲಸ ಬಿಡುವ ಮಾತು ಅಲ್ಲಿಗೇ ನಿಂತಿತು.

ತಿಂಗಳ ಕೊನೆಗೆ ಕೈಗೆ ಬರುವ ಹಣವಷ್ಟೇ ಸಂಬಳವಲ್ಲ ಎಂಬುದು ಲೆಕ್ಕಪತ್ರ ನೋಡುವ ನಿಮಗೆ ತಿಳಿದಿರುತ್ತದೆ, ಆದರೆ ಮನೆಯ ಮಾತುಕತೆಯಲ್ಲಿ ಅದು ಮರೆತುಹೋಗುತ್ತದೆ. ಭವಿಷ್ಯ ನಿಧಿಗೆ ನಿಮ್ಮ ಶೇ. 12ರ ಜೊತೆಗೆ ಸಂಸ್ಥೆಯೂ ಅಷ್ಟೇ ಪ್ರಮಾಣದ ಹಣ ಕೊಡುತ್ತದೆ; ಅದರ ಒಂದು ಭಾಗ ಪಿಂಚಣಿಗೆ ಹೋಗುತ್ತದೆ, ಮತ್ತು ಆ ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಆಗಿರಬೇಕು. ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆ ಖಾಯಂ ನೌಕರರು ಸತತ 5 ವರ್ಷ ದುಡಿದಿರಬೇಕು. ವೇತನಸಹಿತ ಹೆರಿಗೆ ರಜೆಯ 26 ವಾರಗಳೂ ಆ ಸೇವೆಯಲ್ಲೇ ಸೇರುತ್ತವೆ. ಐದನೆಯ ವರ್ಷದಲ್ಲಿರುವ ನೀವು, ವರ್ಷಕ್ಕೆ 15 ದಿನಗಳ ವೇತನದಂತೆ ಬರಬೇಕಾದ ಈ ಹಣವನ್ನು ಕೆಲವು ತಿಂಗಳುಗಳ ಆತುರಕ್ಕೆ ಬಿಟ್ಟುಕೊಡುವುದು ನನಗಂತೂ ಸರಿಕಾಣದು.

ಬೆಂಗಳೂರಿನಿಂದ ಇನ್ನೊಬ್ಬರು:
ನಿಮ್ಮ ಸಂಸ್ಥೆಯಲ್ಲಿ 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸುವುದು ಅದರ ಹೊಣೆ. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲೂ ಅವಕಾಶವಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ ಈ ಹಕ್ಕನ್ನು ನಮ್ಮ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಕೇಳಿದಾಗ ನಗುವೇ ಉತ್ತರವಾಗಿತ್ತು. ನಾವು ಕೆಲವರು ಸೇರಿ ಲಿಖಿತವಾಗಿ ಕೇಳಿದ ಮೇಲೆ ಹತ್ತಿರದ ಡೇ ಕೇರ್ ಒಂದರೊಡನೆ ಒಪ್ಪಂದವಾಯಿತು. ಒಬ್ಬರೇ ಕೇಳಬೇಡಿ.

ಹುಬ್ಬಳ್ಳಿಯಿಂದ, ತಂದೆಯೊಬ್ಬರು:
2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. ಸಂಜೆ ಮಗುವನ್ನು ಕರೆತರುವ ಹೊಣೆಯನ್ನು ನಾನು ವಹಿಸಿಕೊಂಡು ಪಾಳಿ ಬದಲಾವಣೆ ಕೇಳಿದಾಗ, "ಮನೆಯಲ್ಲಿ ಮಿಸೆಸ್ ಇಲ್ಲವೇ?" ಎಂದು ಮೇಲಧಿಕಾರಿ ಕೇಳಿದರು. ಪಾಳಿ ಬದಲಾಗಲು ಸಮಯ ಹಿಡಿಯಿತು, ಆದರೂ ಬದಲಾಯಿತು. ನಿಮ್ಮ ಪತಿಯೂ ತಮ್ಮ ಕಚೇರಿಯಲ್ಲಿ ಕೇಳಲಿ.

ಶಿವಮೊಗ್ಗದಿಂದ:
ನಾನು ಕೆಲಸ ಬಿಟ್ಟೆ, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ನಮ್ಮ ಮಗುವಿನ ಆರೋಗ್ಯಕ್ಕೆ ಅದು ಅನಿವಾರ್ಯವಾಗಿತ್ತು. ಆದರೆ ನಾನು ಮನೆಯಲ್ಲಿರುವವರೆಗೆ ನನ್ನ ಹೆಸರಿನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಪ್ರತಿ ತಿಂಗಳು ಇಂತಿಷ್ಟು ಹಣವನ್ನು ಪತಿ ಕಟ್ಟಬೇಕೆಂದು ರಾಜೀನಾಮೆಗೆ ಮೊದಲೇ ತೀರ್ಮಾನಿಸಿಕೊಂಡಿದ್ದೆವು, ಅವರು ತಪ್ಪದೆ ಕಟ್ಟಿದರು. ಮತ್ತೆ ಕೆಲಸಕ್ಕೆ ಸೇರಿದಾಗ ಸಿಕ್ಕ ಸಂಬಳ ಮಾತ್ರ ಬಿಟ್ಟಾಗ ಇದ್ದುದಕ್ಕಿಂತ ಕಡಿಮೆ. ನನ್ನ ಜೊತೆ ಸೇರಿ ಕೆಲಸದಲ್ಲೇ ಉಳಿದವರನ್ನು ನಾನಿನ್ನೂ ಸರಿಗಟ್ಟಿಲ್ಲ.