ಉಸಿರು ಎಳೆದಾಗ ಸದ್ದು, 3 ವಾರದ ಮಗು: ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಗಳಿಗೆ 3 ವಾರ. ಉಸಿರು ಒಳಗೆ ಎಳೆದುಕೊಳ್ಳುವಾಗ ಕೀರಲು ಸದ್ದು ಬರುತ್ತದೆ. ಅಂಗಾತ ಮಲಗಿಸಿದರೆ, ಹಾಲು ಕುಡಿಯುವಾಗ ಜಾಸ್ತಿ. ಲ್ಯಾರಿಂಗೋಮಲೇಶಿಯಾ (ಧ್ವನಿಪೆಟ್ಟಿಗೆಯ ಮೇಲಿನ ಭಾಗ ತೀರಾ ಮೆತ್ತಗಿರುವುದು) ಇರಬಹುದು, ಮೂಗಿನ ಮೂಲಕ ಸ್ಕೋಪ್ (ಕ್ಯಾಮೆರಾ ಇರುವ ತೆಳು ನಳಿಕೆ) ಒಳಗೆ ಹಾಕಿ ನೋಡೋಣ ಎಂದಿದ್ದಾರೆ ಡಾಕ್ಟರ್. ಮನೆಯಲ್ಲಿ ಎಲ್ಲರೂ ಬರೀ ಕಫ ಅಂತಾರೆ. ಇಷ್ಟು ಎಳೆ ಮಗುವಿಗೆ ಸ್ಕೋಪ್ ಬೇಕಾ?

ಉತ್ತರ 1: ಮಾಡಿಸಿ, ಹೆದರಬೇಡಿ. ನನ್ನ ಮಗನಿಗೂ ಇದೇ ಇತ್ತು. ಅರಿವಳಿಕೆ ಕೊಡಲಿಲ್ಲ, ನನ್ನ ತೊಡೆಯ ಮೇಲೆ ಇಟ್ಟುಕೊಂಡೇ ಮಾಡಿದರು. ಒಂದೆರಡು ನಿಮಿಷ ಜೋರಾಗಿ ಅತ್ತ, ಅಷ್ಟೇ. ಪರದೆಯಲ್ಲಿ ನಾನೇ ನೋಡಿದೆ. ಧ್ವನಿಪೆಟ್ಟಿಗೆಯ ಮೇಲಿನ ಮೆತ್ತನೆಯ ಭಾಗ ಪ್ರತಿ ಉಸಿರಿಗೂ ಒಳಕ್ಕೆ ಕುಸಿಯುತ್ತಿತ್ತು. ಕಫ ಎಲ್ಲೂ ಇರಲಿಲ್ಲ. ಒಂದು ಮಾತು ಮೊದಲೇ ತಿಳಿದಿರಲಿ: ಮೊದಲ ಕೆಲವು ತಿಂಗಳು ಸದ್ದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ನಮಗೆ 6ನೇ ತಿಂಗಳಲ್ಲಿ ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ಒಂದೂವರೆ ವರ್ಷ ತುಂಬುವ ಹೊತ್ತಿಗೆ ತಾನಾಗಿ ನಿಂತಿತು. ಹೆಚ್ಚಿನ ಮಕ್ಕಳಿಗೆ ಹೀಗೇ. ನಮ್ಮ ಡಾಕ್ಟರ್ ಸದ್ದಿಗಿಂತ ತೂಕದ ಮೇಲೆ ಕಣ್ಣಿಟ್ಟಿದ್ದರು. ಶಕ್ತಿಯೆಲ್ಲ ಉಸಿರಾಟಕ್ಕೇ ಖರ್ಚಾದರೆ ಮಗು ಬೆಳೆಯುವುದು ಹೇಗೆ, ಅಲ್ವಾ? ತೂಕ ಏರದಿದ್ದರೆ ಆಪರೇಷನ್ ಇದೆ ಎಂದಿದ್ದರು, ಬೇಕಾಗಲಿಲ್ಲ. ತಲೆ ಎತ್ತರಕ್ಕೆ ಹಿಡಿದು, ನಡುನಡುವೆ ನಿಲ್ಲಿಸಿ ಹಾಲು ಕುಡಿಸಿ. ಸದ್ದು ಕಮ್ಮಿಯಾಗುತ್ತದೆ ಅಂದುಕೊಂಡು, ಡಾಕ್ಟರ್ ಹೇಳದೆ ಬೋರಲು ಮಲಗಿಸಲೇಬೇಡಿ.

ಉತ್ತರ 2: ನಮ್ಮದು ಬೇರೆ. ಹುಟ್ಟಿದ ದಿನವೇ ಮಗಳು ಬಾಯಿ ಮುಚ್ಚಿದರೆ ನೀಲಿ, ಅತ್ತರೆ ಕೆಂಪು. ಮೂಗಿಗೆ ಸಣ್ಣ ಟ್ಯೂಬ್ ಬಿಟ್ಟರೆ ಎರಡೂ ಕಡೆ ಮುಂದೆ ಹೋಗಲಿಲ್ಲ. ಮೂಗಿನ ಹಿಂಭಾಗ ಮುಚ್ಚಿಕೊಂಡಿತ್ತು, ಕೊಯೇನಲ್ ಅಟ್ರೀಸಿಯಾ. ಎಳೆಗೂಸುಗಳು ಉಸಿರಾಡೋದು ಹೆಚ್ಚಾಗಿ ಮೂಗಿನಿಂದಲೇ. ಬಾಯಲ್ಲಿ ಟ್ಯೂಬ್ ಇಟ್ಟು ಉಸಿರು ಕಾಪಾಡಿದರು, ಆಮೇಲೆ ಆಪರೇಷನ್. ಕೆಲವು ಮಕ್ಕಳಿಗೆ ಇದರ ಜೊತೆ ಬೇರೆ ತೊಂದರೆಗಳೂ ಇರುತ್ತವಂತೆ, ಹಾಗಾಗಿ ಹೃದಯ, ಕಣ್ಣು, ಕಿವಿ ಎಲ್ಲ ಪರೀಕ್ಷಿಸಿದರು.

ಉತ್ತರ 3: ನಮ್ಮ ಮಗನಿಗೂ ಮೊದಲು ಲ್ಯಾರಿಂಗೋಮಲೇಶಿಯಾ ಎಂದೇ ಹೇಳಿದ್ದರು. ಆದರೆ ಸದ್ದು ಉಸಿರು ಬಿಡುವಾಗಲೂ ಬರುತ್ತಿತ್ತು. ಮಲಗಿದಾಗ, ಕುಡಿಯುವಾಗ, ಅಳುವಾಗ ಫೋನಿನಲ್ಲಿ ವಿಡಿಯೋ ಮಾಡಿಟ್ಟಿದ್ದೆ. ಅದನ್ನು ನೋಡಿದ ಇನ್ನೊಬ್ಬ ಡಾಕ್ಟರ್ ಅರಿವಳಿಕೆ ಕೊಟ್ಟು ಶ್ವಾಸನಾಳದ ಕೆಳಗಿನವರೆಗೂ ಸ್ಕೋಪ್ ಮಾಡಿದರು. ಆ ನಾಳದ ಮೃದ್ವಸ್ಥಿ ಉಂಗುರಗಳು ಹಿಂದೆ ತೆರೆದಿರಬೇಕು. ಇವನಿಗೆ ಪೂರ್ತಿ ಮುಚ್ಚಿ, ನಾಳವೇ ಕಿರಿದಾಗಿತ್ತು. ಸ್ಲೈಡ್ ಟ್ರೇಕಿಯೋಪ್ಲಾಸ್ಟಿ (ಕಿರಿದಾದ ಶ್ವಾಸನಾಳವನ್ನು ಅಗಲ ಮಾಡುವ ಆಪರೇಷನ್) ಆಯಿತು, ಈಗ ಓಡಾಡುತ್ತಾನೆ. ಇದು ತೀರಾ ಅಪರೂಪ, ಸುಮ್ನೆ ಗಾಬರಿಯಾಗಬೇಡಿ. ಆದರೂ ಕೇಳಿ: "ಧ್ವನಿತಂತುಗಳ ಕೆಳಗೂ ನೋಡಬೇಕಾ?" ಈ ನಡುವೆ ತುಟಿ ನೀಲಿಯಾದರೆ, ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಉಸಿರು ನಿಂತು ನಿಂತು ಬಂದರೆ ಸ್ಕೋಪಿನ ದಿನಕ್ಕೆ ಕಾಯಬೇಡಿ. ಆ ಕ್ಷಣವೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.