ಐದು ದಿನದ ಗುಲ್ಮಾರ್ಗ್: ನಮ್ಮ ಮನೆಯ ಗುಂಪಿನಲ್ಲಿ ನಡೆದ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಮ್ಮನೇ ಅಡ್ಮಿನ್. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದ ಅವರು ಗುಂಪು ತೆರೆದ ದಿನವೇ ಎರಡು ಕಟ್ಟಳೆ ಹಾಕಿದ್ದಾರೆ: ಧ್ವನಿ ಸಂದೇಶ ಕಳುಹಿಸಬಾರದು, ಬರೆದರೆ ಪೂರ್ತಿ ವಾಕ್ಯದಲ್ಲಿ ಬರೆಯಬೇಕು. ಹಾಗಾಗಿ ನಮ್ಮಲ್ಲಿ ಜಗಳವೂ ವ್ಯಾಕರಣಬದ್ಧವಾಗಿಯೇ ನಡೆಯುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಹಾಕಿದ ಒಂದು ಪೋಸ್ಟರಿನಿಂದ ಹೊತ್ತಿಕೊಂಡದ್ದು ರಾತ್ರಿಯ ಊಟದವರೆಗೂ ಆರಲಿಲ್ಲ. ಹೆಸರುಗಳನ್ನು ನನ್ನ ಫೋನಿನಲ್ಲಿರುವಂತೆಯೇ ಬಿಟ್ಟು, ಶುಭೋದಯದ ಹೂವುಗಳನ್ನೂ ಕಾಫಿ ಧಾರಣೆಯ ಫಾರ್ವರ್ಡ್‌ಗಳನ್ನೂ ತೆಗೆದು ಇಲ್ಲಿ ಹಾಕಿದ್ದೇನೆ.

ಪೋಸ್ಟರಿನಲ್ಲಿದ್ದದ್ದು ಇಷ್ಟು: ಫೆಬ್ರವರಿ ಎರಡನೆಯ ವಾರ ಕಾಶ್ಮೀರದ ಗುಲ್ಮಾರ್ಗ್, ನಾಲ್ಕು ರಾತ್ರಿ, ಐದು ಹಗಲು, ಬೂಟು, ಕಾಲಿಗೆ ಕಟ್ಟುವ ಸ್ಕೀ ಹಲಗೆ, ಊಟ ಎಲ್ಲವೂ ಸೇರಿ. ಕೆಳಗೆ ದಪ್ಪಕ್ಷರದಲ್ಲಿ, ಒಂದೇ ದಿನದಲ್ಲಿ ಸ್ಕೀಯಿಂಗ್ ಕಲಿಯಿರಿ, ಮರುದಿನ ಗೊಂಡೋಲಾದ (ಹಗ್ಗಕ್ಕೆ ತೂಗಿ ಬೆಟ್ಟವೇರುವ ಡಬ್ಬಿಗಳ ರೋಪ್‌ವೇ) ತುದಿಯಿಂದ ಜಾರಿ ಬನ್ನಿ.

ಗೋಣಿಕೊಪ್ಪ ಚಿಕ್ಕಪ್ಪ: ಮಂಜಿನ ಮೇಲೆ ಜಾರಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದಲೂ ಇದೆ. ಹತ್ತು ಜನ ಸೇರಿದರೆ ರಿಯಾಯಿತಿ ಕೊಡುತ್ತಾರಂತೆ. ಬರುವವರು ಇವತ್ತೇ ತಿಳಿಸಿ.

ದೊಡ್ಡಮ್ಮ ಅಡ್ಮಿನ್: ಮಂಜು ಬೀಳುವುದು ಮಡಿಕೇರಿಯಲ್ಲಿ. ಗುಲ್ಮಾರ್ಗಿನಲ್ಲಿ ಬೀಳುವುದು ಹಿಮ. ಜಾರುವ ಮೊದಲು ಯಾವುದರ ಮೇಲೆ ಜಾರುತ್ತೀರೆಂಬುದಾದರೂ ತಿಳಿದಿರಲಿ.

ಮಡಿಕೇರಿ ದೊಡ್ಡಪ್ಪ: ಸೇನೆಯಲ್ಲಿದ್ದಾಗ ನಾನು ಎತ್ತರದ ಬೆಟ್ಟಗಳಲ್ಲಿ ಹೋರಾಡಲು ಕಲಿಸುವ ಗುಲ್ಮಾರ್ಗಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನಲ್ಲಿ ಒಂದು ಚಳಿಗಾಲ ಕಳೆದವನು. 1948ರಲ್ಲಿ ಅದು ಶುರುವಾದದ್ದೇ ಸ್ಕೀ ಶಾಲೆಯಾಗಿ. ಇಪ್ಪತ್ತೈದರ ವಯಸ್ಸಿನ, ದಿನಾ ಓಡಿ ಹುರಿಗೊಂಡಿದ್ದ ನಮ್ಮಂಥವರಿಗೂ ಮೊದಲೆರಡು ದಿನ ಕಲಿಸಿದ್ದು ಬೀಳುವುದು, ಏಳುವುದು, ಹಲಗೆ ಕಟ್ಟಿಕೊಂಡೇ ಅಡ್ಡಡ್ಡ ಹೆಜ್ಜೆಯಿಟ್ಟು ಏರು ಹತ್ತುವುದು, ಇಷ್ಟನ್ನೇ. ಒಂದೇ ದಿನದಲ್ಲಿ ಕಲಿಸುತ್ತೇನೆಂದು ಬರೆದವನು ಹಲಗೆಯನ್ನು ಅಂಗಡಿಯಲ್ಲಿ ಮಾತ್ರ ನೋಡಿರಬೇಕು.

ಪುಟ್ಟಿ ಬೆಂಗಳೂರು: ಅಪ್ಪ, ನನಗೆ ಮೊದಲೇ ತೋರಿಸಿದ್ದರೆ ಇದನ್ನು ಗುಂಪಿಗೆ ಹಾಕಲು ಬಿಡುತ್ತಿರಲಿಲ್ಲ. ಅಲ್ಲಿನ ಗೊಂಡೋಲಾಕ್ಕೆ ಎರಡು ಹಂತಗಳಿವೆ. 1998ರಲ್ಲಿ ಆದ ಮೊದಲ ಹಂತ ಕೊಂಗ್‌ಡೂರಿಯವರೆಗೆ, 2005ರಲ್ಲಿ ಆದ ಎರಡನೆಯದು ಅಫರ್ವಾತ್ ಶಿಖರದ ಹೆಗಲಿನವರೆಗೆ ಹೋಗುತ್ತದೆ. ಆ ತುದಿ ಸುಮಾರು 3,950 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್. ಎರಡು ತಡಿಯಂಡಮೋಳ್‌ಗಳನ್ನು ಒಂದರ ಮೇಲೊಂದು ಇಟ್ಟರೂ ಅಲ್ಲಿಗೆ ಮುಟ್ಟುವುದಿಲ್ಲ. ಮೇಲಿನ ಇಳಿಜಾರುಗಳಲ್ಲಿ ಬಹುಪಾಲು ಯಂತ್ರ ಓಡಿಸಿ ಹದ ಮಾಡಿದ ಹಿಮವಿರುವುದಿಲ್ಲ, ಬಿದ್ದದ್ದು ಬಿದ್ದಂತೆಯೇ ಇರುತ್ತದೆ. ಜಗತ್ತಿನ ಪಳಗಿದ ಸ್ಕೀಗಾರರು ಗುಲ್ಮಾರ್ಗಿಗೆ ಬರುವುದೇ ಆ ಹಿಮಕ್ಕಾಗಿ. ಅದೇ ಅಫರ್ವಾತ್‌ನಲ್ಲಿ 2023ರ ಫೆಬ್ರವರಿ 1ರಂದು ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸತ್ತರು. ಹೊಸಬರ ಜಾಗ ಕೆಳಗೆ, ಗುಲ್ಮಾರ್ಗಿನ ಬಟ್ಟಲಿನಂಥ ಬಯಲಿನ ಅಂಚಿನಲ್ಲಿದೆ. ಮೇಲೆ ಹೋಗಿ, ನೋಡಿ, ಅದೇ ಡಬ್ಬಿಯಲ್ಲಿ ಕುಳಿತು ಇಳಿದು ಬನ್ನಿ.

ಗೋಣಿಕೊಪ್ಪ ಚಿಕ್ಕಪ್ಪ: ಮೂರು ಸಲ ಹೋಗಿ ಬಂದವಳು ಮೂರು ಸಲವೂ ಫೋಟೋ ಹಾಕಿದ್ದೀಯೇ ಹೊರತು ಇಷ್ಟೆಲ್ಲ ಅಪಾಯವಿದೆಯೆಂದು ಹೇಳಿರಲಿಲ್ಲ. ಅದಿರಲಿ, ಮನೆ ಹಿಂದಿನ ಗುಡ್ಡದಿಂದ ಅಡಿಕೆ ಹಾಳೆಯ ಮೇಲೆ ಕುಳಿತು ಗದ್ದೆಯವರೆಗೆ ಜಾರಿದವರು ನಾವು. ನಮಗೆ ಇಳಿಜಾರಿನ ಪಾಠ ಹೇಳಬೇಕಾಗಿಲ್ಲ.

ಮಡಿಕೇರಿ ದೊಡ್ಡಪ್ಪ: ಗದ್ದೆಯ ಬದುವಿಗೆ ಹೊಡೆದು ನಿನ್ನ ಮುಂದಿನ ಹಲ್ಲು ಮುರಿದದ್ದನ್ನೂ ಬರೆ.

ಪುಟ್ಟಿ ಬೆಂಗಳೂರು: ದೊಡ್ಡಪ್ಪ ಹೇಳಿದ್ದರಲ್ಲೇ ಎಲ್ಲವೂ ಇದೆ. ಹಾಳೆಗೆ ಅಂಚಿಲ್ಲ, ಆದ್ದರಿಂದ ಬದು ಬರುವವರೆಗೆ ನಿಲ್ಲಲಾಗುವುದಿಲ್ಲ. ಸ್ಕೀ ಹಲಗೆಯ ಅಡಿಯಲ್ಲಿ ಎರಡೂ ಬದಿಗೆ ಉಕ್ಕಿನ ಪಟ್ಟಿಯಿರುತ್ತದೆ. ಕಾಲನ್ನು ವಾಲಿಸಿ ಆ ಪಟ್ಟಿಯನ್ನು ಹಿಮಕ್ಕೆ ಒತ್ತಿದರೆ ವೇಗ ತಗ್ಗುತ್ತದೆ, ದಿಕ್ಕು ತಿರುಗುತ್ತದೆ. ಹೊಸಬರು ಮೊದಲು ಕಲಿಯುವುದು ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ಮೇಲಿನಿಂದ ನೋಡಿದರೆ ದೋಸೆಯ ಒಂದು ತ್ರಿಕೋನದ ತುಂಡಿನಂತೆ ಕಾಣುವ ಭಂಗಿಯನ್ನು. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದಷ್ಟೂ ನಿಧಾನವಾಗುತ್ತೀರಿ. ಇದು ತಲೆಗೆ ಹತ್ತಲು ಒಂದು ಗಂಟೆ ಸಾಕು, ಮೊಣಕಾಲಿಗೆ ಹತ್ತಲು ಮೂರು ದಿನ ಬೇಕು. ಆದರೆ ಅಪ್ಪ, ಮೂರನೆಯ ದಿನ ಮಧ್ಯಾಹ್ನ ಯಾರೂ ಹಿಡಿಯದೆ, ಬೀಳದೆ, ನೀವು ನಿಲ್ಲಬೇಕೆಂದುಕೊಂಡ ಕಡೆಯೇ ನಿಂತಾಗ ಆಗುವ ಖುಷಿಗೆ ಗೊಂಡೋಲಾದ ತುದಿಯೇನೂ ಬೇಕಾಗುವುದಿಲ್ಲ.

(ಇಲ್ಲಿಯವರೆಗೆ ನಾನು ಸುಮ್ಮನಿದ್ದೆ. ಪುಟ್ಟಿ ಇಷ್ಟುದ್ದ ಬರೆದದ್ದು ಗುಂಪು ಶುರುವಾದಂದಿನಿಂದ ಇದೇ ಮೊದಲು.)

ಕುಶಾಲನಗರ ಅತ್ತೆ: ಎರಡು ಹಲಗೆಯ ಬದಲು ಒಂದೇ ಹಲಗೆಯ ಮೇಲೆ ನಿಲ್ಲುವುದು ಇದೆಯಲ್ಲ, ಅದು ಸುಲಭವಲ್ಲವೇ? ಕಾಲು ಎರಡು ದಿಕ್ಕಿಗೆ ಹೋಗುವ ಭಯವಾದರೂ ಇರುವುದಿಲ್ಲ.

ಪುಟ್ಟಿ ಬೆಂಗಳೂರು: ಅದು ಸ್ನೋಬೋರ್ಡ್, ಅತ್ತೆ. ಹುಟ್ಟಿದ್ದೂ ಹೆಚ್ಚುಕಡಿಮೆ ನಮ್ಮ ಹಾಳೆಯಾಟದಂತೆಯೇ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪ್ಪೆನ್ ಎಂಬವರು ಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿದರು. ಅದೇ ಬೆಳೆದು 1998ರ ನಾಗಾನೊ ಒಲಿಂಪಿಕ್ಸ್‌ಗೆ ಹೋಯಿತು. ಆದರೆ ಸುಲಭವೆಂದು ಮಾತ್ರ ತಿಳಿಯಬೇಡಿ. ಸ್ಕೀಯಲ್ಲಿ ಮೊದಲ ದಿನವೇ ಒಂದಿಷ್ಟು ದೂರ ಹೋಗಬಹುದು, ಚೆನ್ನಾಗಿ ಆಡಲು ವರ್ಷಗಳು ಬೇಕು. ಬೋರ್ಡಿನಲ್ಲಿ ಮೊದಲೆರಡು ದಿನ ಕುಂಡಿಯ ಮೇಲೆ ಕುಳಿತೇ ಕಳೆಯುತ್ತದೆ, ಆಮೇಲೆ ಬೇಗ ಕೈಗೂಡುತ್ತದೆ. ನಾನು ಮೊದಲ ಸಲ ಹೋದಾಗ ಬಾಡಿಗೆ ಅಂಗಡಿಯವನು ಎರಡು ಅಳತೆ ದೊಡ್ಡ ಬೂಟು ಕೊಟ್ಟು, ದಪ್ಪ ಕಾಲುಚೀಲ ಎರಡೆರಡು ಹಾಕಿಕೊಳ್ಳಿ, ಸರಿಹೋಗುತ್ತದೆ ಎಂದ. ಬೂಟಿನೊಳಗೆ ಹಿಮ್ಮಡಿ ಎದ್ದು ಎದ್ದು, ಹಲಗೆ ಒಂದು ಮಾತು ಕೇಳಲಿಲ್ಲ. ಬೀಳುವಾಗ ಕೈಯೂರಿದೆ. ನಾಲ್ಕು ವಾರ ಎಡಗೈ ಒಂದರಲ್ಲೇ ಕೋಡ್ ಬರೆದೆ.

ದೊಡ್ಡಮ್ಮ ಅಡ್ಮಿನ್: ಕೋಡ್ ಎಂದರೆ ಈ ಗುಂಪಿನಲ್ಲಿ ಕೋಡುಬಳೆ ಎಂದು ತಿಳಿಯುವವರೇ ಹೆಚ್ಚು. ಮುಂದುವರಿಸಿ.

ಮೈಸೂರು ಭಾವ: ಫಿಸಿಯೋಥೆರಪಿಸ್ಟ್ ಆಗಿ ನಾನೊಂದು ಮಾತು ಸೇರಿಸುತ್ತೇನೆ. ಬೋರ್ಡಿನಲ್ಲಿ ಹೊಸಬರಿಗೆ ಪೆಟ್ಟಾಗುವುದು ಹೆಚ್ಚಾಗಿ ಮಣಿಕಟ್ಟಿಗೆ, ಸ್ಕೀಯಲ್ಲಿ ಮೊಣಕಾಲಿನ ಕಟ್ಟುಗಳಿಗೆ (ಲಿಗಮೆಂಟ್). ಕೈಯಲ್ಲಿ ಹಿಡಿಯುವ ಸ್ಕೀ ಕೋಲನ್ನು ಬಿಡದೆ ಬಿದ್ದರೆ ಹೆಬ್ಬೆರಳಿಗೂ ಹೌದು. ಬೋರ್ಡ್ ಬೇಕೆನ್ನುವವರು ಮಣಿಕಟ್ಟಿನ ಕವಚ ಹಾಕಿಕೊಳ್ಳಲಿ, ಬೀಳುವಾಗ ಅಂಗೈ ಚಾಚದೆ ಮುಷ್ಟಿ ಬಿಗಿದು ಮುಂಗೈ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಮೇಲೆ ಬೀಳುವುದನ್ನು ಅಭ್ಯಾಸ ಮಾಡಲಿ. ಹೆಲ್ಮೆಟ್ ಎರಡಕ್ಕೂ ಬೇಕು. ಸ್ಕೀಗೆ ಬೂಟನ್ನು ಬಿಗಿಯುವ ಬೈಂಡಿಂಗ್ ಎಂಬ ಕೊಂಡಿಯಿದೆ. ಬಿದ್ದಾಗ ಕಾಲು ತಿರುಚುವ ಮೊದಲೇ ಅದು ತಾನಾಗಿ ಬಿಟ್ಟುಕೊಳ್ಳಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕೆಂಬುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ನಿಮಗೆಷ್ಟು ಬರುತ್ತದೆ ಎಂಬುದನ್ನು ನೋಡಿ ಹೊಂದಿಸುತ್ತಾರೆ. ಆದ್ದರಿಂದ ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದರೆ ದಯವಿಟ್ಟು ನಿಜವನ್ನೇ ಹೇಳಬೇಕು. ಮದುವೆ ಮನೆಯಲ್ಲಿ ಹೇಳುವ ತೂಕ ಅಲ್ಲಿ ನಡೆಯುವುದಿಲ್ಲ.

ಕುಶಾಲನಗರ ಅತ್ತೆ: ಈ ಕೊನೆಯ ವಾಕ್ಯ ಯಾರಿಗೆಂದು ನನಗೆ ಗೊತ್ತು. ಐವತ್ತಾರರಲ್ಲಿ ನನಗೆ ಇದೆಲ್ಲ ಬೇಕೇ ಎಂದು ನೇರವಾಗಿಯೇ ಕೇಳಿ. ನಮ್ಮ ಜಿಲ್ಲೆಯವರೇ ಆದ ತೆಕ್ಕಡ ಭವಾನಿ ನಂಜುಂಡ ಅವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರ್ ಸ್ಕೀ ಓಟದಲ್ಲಿ ಕಂಚು ಗೆದ್ದು ಬಂದರು. ಹಿಮವೇ ಬೀಳದ ನಾಡಿನ ಹೆಣ್ಣುಮಗಳಿಗೆ ಆದದ್ದು, ಕಾಫಿ ತೋಟದ ಇಳಿಜಾರಿನಲ್ಲೇ ಮೂವತ್ತು ವರ್ಷ ಓಡಾಡಿದ ನನಗೆ ಮಕ್ಕಳ ಇಳಿಜಾರಿನ ಮಟ್ಟಿಗಾದರೂ ಆಗುವುದಿಲ್ಲವೇ?

ಮಡಿಕೇರಿ ದೊಡ್ಡಪ್ಪ: ಆಗುತ್ತದೆ. ಆದರೆ ಆಕೆಯದು ಕ್ರಾಸ್ ಕಂಟ್ರಿ. ಅದರ ಜಾತಿಯೇ ಬೇರೆ. ಅಲ್ಲಿ ಬೂಟಿನ ಮುಂದಿನ ತುದಿ ಮಾತ್ರ ಹಲಗೆಗೆ ಸಿಕ್ಕಿರುತ್ತದೆ, ಹಿಮ್ಮಡಿ ಏಳುತ್ತದೆ, ಸಮತಟ್ಟಿನಲ್ಲೂ ಏರಿನಲ್ಲೂ ಸ್ವಂತ ಉಸಿರಿನ ಬಲದ ಮೇಲೆ ಹೋಗಬೇಕು. ಪೋಸ್ಟರಿನಲ್ಲಿರುವುದು ಹಿಮ್ಮಡಿಯನ್ನೂ ಬಿಗಿದು ಇಳಿಜಾರಿನಲ್ಲಿ ಜಾರುವ ಬಗೆ. ಗುಲ್ಮಾರ್ಗಿನ ಹುಡುಗ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ನಮ್ಮ ದೇಶದಿಂದ ಒಬ್ಬನೇ ಹೋದದ್ದು ಈ ಬಗೆಯಲ್ಲಿ. ಇನ್ನೊಂದು ವಿಷಯವನ್ನು ಪೋಸ್ಟರಿನವನು ಬರೆದೇ ಇಲ್ಲ: ಕಣ್ಣು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಶೇಕಡಾ 80ರಷ್ಟನ್ನು ತಿರುಗಿಸಿ ಮುಖಕ್ಕೇ ಹೊಡೆಯುತ್ತದೆ. ಮೋಡವಿದೆಯೆಂದು ಕನ್ನಡಕ ತೆಗೆದ ನನ್ನ ಜೊತೆಗಾರನೊಬ್ಬ ಅಂದು ರಾತ್ರಿಯಿಡೀ ಕಣ್ಣಿಗೆ ಮರಳು ಎರಚಿದಂತಾಗಿದೆಯೆಂದು ನರಳಿದ.

ನಾನು: ಎಲ್ಲರೂ ಕಾಲು, ಕೈ, ಕಣ್ಣುಗಳ ಬಗ್ಗೆ ಮಾತನಾಡಿದಿರಿ. ಫೆಬ್ರವರಿ ಎರಡನೆಯ ವಾರ ಎಂಬುದನ್ನು ಯಾರೂ ಓದಿದಂತೆ ಕಾಣುವುದಿಲ್ಲ. ಆಗ ಸುಂಟಿಕೊಪ್ಪದ ತೋಟದಲ್ಲಿ ರೊಬಸ್ಟಾ ಕೊಯ್ಲು ಅರ್ಧಕ್ಕೆ ಬಂದಿರುತ್ತದೆ, ಕಣದಲ್ಲಿ ಕಾಫಿ ಹರಡಿರುತ್ತದೆ, ರಾತ್ರಿ ಕಾವಲು ಬೇಕು. ಕಾಫಿ ಹೂ ಅರಳಲು ಸ್ಪ್ರಿಂಕ್ಲರ್ ಓಡಿಸುವ ಕೆಲಸವೂ ಹಿಂದೆಯೇ ಬರುತ್ತದೆ. ಚಿಕ್ಕಪ್ಪನ ತೋಟವನ್ನು ಆ ಐದು ದಿನ ನೋಡಿಕೊಳ್ಳುವವರು ಯಾರು? ನಾನು ಎಂದು ಯಾರೂ ಬರೆಯಬಾರದು.

ಗೋಣಿಕೊಪ್ಪ ಚಿಕ್ಕಪ್ಪ: ನೀನೇ ಎಂದುಕೊಂಡಿದ್ದೆ.

ಪುಟ್ಟಿ ಬೆಂಗಳೂರು: ಅಣ್ಣ ಹೇಳುವುದು ಸರಿ, ಮತ್ತು ಫೆಬ್ರವರಿಯೇ ಆಗಬೇಕೆಂಬ ಹಟಕ್ಕೂ ಅರ್ಥವಿಲ್ಲ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಬೋಳಾಗಿ ಕಂದು ಹುಲ್ಲು ತೋರಿಸಿಕೊಂಡು ಕುಳಿತಿತ್ತು. 2025ರಲ್ಲಿ ಫೆಬ್ರವರಿಗೆ ಇಟ್ಟಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆಂದು ಮುಂದೂಡಿ ಮಾರ್ಚಿನಲ್ಲಿ ನಡೆಸಿದರು. ದಿನಾಂಕ ಬದಲಿಸಲು ಬಿಡದ, ಮುಂಗಡ ಹಿಂದಿರುಗಿಸದ ಪ್ಯಾಕೇಜಿಗೆ ಹಣ ಕಟ್ಟುವುದೆಂದರೆ ಕಾಫಿ ಅರಳಿಸುವ ಹೂಮಳೆಯನ್ನು ನಂಬಿ ಸಾಲ ಮಾಡಿದಂತೆ.

ಗೋಣಿಕೊಪ್ಪ ಚಿಕ್ಕಪ್ಪ: ಹಾಗಾದರೆ ಉತ್ತರಾಖಂಡದ ಔಲಿಗೆ ಹೋಗೋಣ. ಅಲ್ಲಿ ಕೃತಕ ಹಿಮ ಮಾಡುವ ಯಂತ್ರಗಳಿವೆಯೆಂದು ಓದಿದ್ದೇನೆ.

ಮಡಿಕೇರಿ ದೊಡ್ಡಪ್ಪ: 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ತಂದ ಯಂತ್ರಗಳವು. ಯಂತ್ರವಿದ್ದರೂ ಹಿಮ ನಿಲ್ಲಲು ಚಳಿ ಬೇಕು. ಕೆಳಗಿನ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲವೇ ಕುಸಿದು, ಮನೆಗಳು ಬಿರುಕು ಬಿಟ್ಟು, ಔಲಿಗೆ ಹೋಗುವ ರೋಪ್‌ವೇ ನಿಂತಿತು. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹೋಗಬಾರದೆನ್ನುತ್ತಿಲ್ಲ, ವಿಚಾರಿಸಿಕೊಂಡು ಹೋಗಬೇಕು.

ಪುಟ್ಟಿ ಬೆಂಗಳೂರು: ಊರು ಯಾವುದಾದರೂ ಇರಲಿ, ಪ್ಯಾಕೇಜ್ ಬಿಟ್ಟು ತರಗತಿಗೆ ಸೇರೋಣ ಎಂಬುದಷ್ಟೇ ನನ್ನ ವಾದ. ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ 7 ದಿನ ಮತ್ತು 14 ದಿನಗಳ ಸ್ಕೀ ತರಗತಿ ನಡೆಸುತ್ತ ಬಂದಿದೆ. ಗುಲ್ಮಾರ್ಗಿನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ, ಮನಾಲಿಯಲ್ಲಿ ವಾಜಪೇಯಿಯವರ ಹೆಸರಿನ ಪರ್ವತಾರೋಹಣ ಸಂಸ್ಥೆಯಿದೆ. ದಿನಾ ಬೆಳಿಗ್ಗೆ ಅದೇ ಗುರು, ಅದೇ ಇಳಿಜಾರು, ಅದೇ ಬೂಟು. ಪ್ಯಾಕೇಜಿನವನು ಕೊಡುವುದು ಒಂದು ಗಂಟೆ ಕೈಹಿಡಿದು ಎಳೆದಾಡುವ ಒಬ್ಬ ಗೈಡನ್ನು ಮತ್ತು ನಲವತ್ತು ಫೋಟೋಗಳನ್ನು.

ಮೈಸೂರು ಭಾವ: ವಿಮೆಯನ್ನೂ ನೋಡಿಕೊಳ್ಳಿ. ಹಲವು ಪ್ರವಾಸ ವಿಮೆಗಳಲ್ಲಿ ಸಾಹಸ ಕ್ರೀಡೆಯ ಪೆಟ್ಟು ಸೇರಿರುವುದಿಲ್ಲ. ಇನ್ನು ಇವತ್ತಿನಿಂದಲೇ ದಿನಕ್ಕೆರಡು ಸಲ ಗೋಡೆಗೆ ಬೆನ್ನು ಕೊಟ್ಟು, ತೊಡೆ ನೆಲಕ್ಕೆ ಸಮವಾಗುವಂತೆ, ಕುರ್ಚಿಯಿಲ್ಲದ ಕುರ್ಚಿಯಲ್ಲಿ ಕುಳಿತಂತೆ ಕುಳಿತುಕೊಳ್ಳಿ. ಒಂದೂವರೆ ನಿಮಿಷ ಕುಳಿತವರಿಗೆ ಮಾತ್ರ ನನ್ನ ಒಪ್ಪಿಗೆ ಸಿಗುತ್ತದೆ.

ಗೋಣಿಕೊಪ್ಪ ಚಿಕ್ಕಪ್ಪ: ಈಗ ಕುಳಿತು ನೋಡಿದೆ. ಇಪ್ಪತ್ತೆರಡು ಸೆಕೆಂಡಿಗೆ ತೊಡೆ ನಡುಗಿತು. ನಿಮ್ಮ ಚಿಕ್ಕಮ್ಮ ಇನ್ನೂ ನಗುತ್ತಿದ್ದಾಳೆ. ಪೋಸ್ಟರಿನವರಿಗೆ ಬೇಡವೆಂದು ಹೇಳುತ್ತೇನೆ, ಆದರೆ ಹಿಮದ ಆಸೆಯನ್ನು ಬಿಟ್ಟೆನೆಂದು ಯಾರೂ ತಿಳಿಯಬಾರದು. ಕೊಯ್ಲು ಮುಗಿದು ನೀರು ಹಾಯಿಸಿದ ಮೇಲೆ, ಮಾರ್ಚಿನಲ್ಲಿ ಹಿಮವಿದ್ದರೆ ಆ ವರ್ಷ, ಇಲ್ಲದಿದ್ದರೆ ಮುಂದಿನ ವರ್ಷ, ತರಗತಿಗೇ ಹೋಗೋಣ.

ದೊಡ್ಡಮ್ಮ ಅಡ್ಮಿನ್: ವಾಕ್ಯ ಉದ್ದವಾಯಿತು, ಆದರೆ ಸರಿಯಾಗಿದೆ.

ಪುಟ್ಟಿ ಬೆಂಗಳೂರು: ಹಾಗಾದರೆ ಬರುವವರು ಪಾದದ ಅಳತೆ ಕಳುಹಿಸಿ. ಸ್ಕೀ ಬೂಟಿಗೆ ಚಪ್ಪಲಿ ಅಂಗಡಿಯ ನಂಬರ್ ನಡೆಯುವುದಿಲ್ಲ, ಸೆಂಟಿಮೀಟರ್ ಲೆಕ್ಕ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಕಾಗದದ ಹಾಳೆಯ ಮೇಲೆ ಭಾರ ಬಿಟ್ಟು ನಿಂತು, ಉದ್ದದ ಬೆರಳಿನ ತುದಿಯವರೆಗೆ ಅಳೆಯಿರಿ. ಎರಡೂ ಪಾದಗಳನ್ನು ಅಳೆಯಿರಿ.

ಕುಶಾಲನಗರ ಅತ್ತೆ: ಎಡಗಾಲು 23.5, ಬಲಗಾಲು 23. ತೂಕವನ್ನು ಅಂಗಡಿಯಲ್ಲಿ ನೇರವಾಗಿ ಹೇಳುತ್ತೇನೆ.

ಗೋಣಿಕೊಪ್ಪ ಚಿಕ್ಕಪ್ಪ: ಎರಡೂ 26.

ಮಡಿಕೇರಿ ದೊಡ್ಡಪ್ಪ: 27.

ದೊಡ್ಡಮ್ಮ ಅಡ್ಮಿನ್: ನೀವು ಬರುವುದಾಗಿ ಎಲ್ಲಿಯೂ ಬರೆದಿರಲಿಲ್ಲವಲ್ಲ?

ಮಡಿಕೇರಿ ದೊಡ್ಡಪ್ಪ: ಬೀಳುವುದನ್ನು ಕಲಿಸಲು ಒಬ್ಬರು ಬೇಕಾಗುತ್ತದೆ.

(ನಾನು ನನ್ನ ಅಳತೆ ಕಳುಹಿಸಲಿಲ್ಲ. ಆದರೆ ಕಾಫಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯ ಮೇಲೆ ನಿಂತು ನೋಡಿದೆ: 25.5.)