ಹಳೆಯ ಕಂಚಿನ ಮೇಲಿನ ಹಸಿರಿಗೆ ಪದ ಬೇಕು, ತುರ್ತು

ಪ್ರಶ್ನೆ:
ಗೆಳೆಯರೇ, ದೇವತೆಗಳ ಹಳೆಯ ಕಂಚಿನ ಕಿರುವಿಗ್ರಹಗಳ ಸಂಗ್ರಹವೊಂದಕ್ಕೆ ಫಲಕದ ಬರಹ ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಕೊಡಬೇಕು. 'ಪ್ಯಾಟಿನಾ' ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಗೇಣುದ್ದದ ಗರುಡನ ಮೈಮೇಲೆ ಬಹುಕಾಲದಿಂದ ತಾನಾಗಿ ಕೂತ ಹಸಿರು-ಕಂದು ಪದರ ಅದು. ಸಂಗ್ರಾಹಕರು ಅದನ್ನು ನೋಡಿಯೇ ಬೆಲೆ ಕಟ್ಟುತ್ತಾರೆ. ಉಜ್ಜಿ ತೆಗೆದರೆ ಬೆಲೆ ಬಿದ್ದುಹೋಗುತ್ತದೆ. 'ಕಿಲುಬು' ಎಂದರೆ ಯಾರೋ ತೊಳೆಯದೆ ಬಿಟ್ಟಂತೆ ಕೇಳಿಸುತ್ತದೆ. 'ಕಾಲಲೇಪ' ಆದೀತೆ?

ಉತ್ತರ:
ಆಗದು. ಲೇಪವೆಂದರೆ ಹೊರಗಿನಿಂದ ಬಳಿದದ್ದು. ಇಲ್ಲಿ ಕಂಚಿನೊಳಗಿನ ತಾಮ್ರವೇ ಗಾಳಿ, ತೇವದೊಡನೆ ಕೂಡಿ ಮಾರ್ಪಟ್ಟಿದೆ. ಕಿಲುಬು ಎಂದೇ ಬರೆಯಿರಿ. ತೆಲುಗಿನ ಚಿಲುಮು ಇದರ ದಾಯಾದಿ, ಕಿವಿ-ಚೆವಿ ನೋಡಿ. ಅಲ್ಲಿ ಚಕಾರವಾದದ್ದು ನಮ್ಮಲ್ಲಿ ಕಕಾರವಾಗಿಯೇ ಉಳಿದಿದೆ. ಇಂಥ ಹಳೆಯ ಮಾತು ಕೈಯಲ್ಲಿರುವಾಗ ಸಂಸ್ಕೃತದ ಸಮಾಸ ಹೊಸೆಯುವ ಚಟ ಏಕೆ?

ಇನ್ನೊಂದು ಉತ್ತರ:
ವ್ಯುತ್ಪತ್ತಿ ಇರಲಿ, ಫಲಕಕ್ಕೆ ಅದು ಸಾಲದು. ಗಟ್ಟಿಯಾಗಿ ಅಂಟಿ ಒಳಗಿನ ಲೋಹವನ್ನು ಕಾಯುವ ಪದರ ಒಂದು ಬಗೆ. ಕ್ಲೋರೈಡ್ ಸೇರಿ, ತೇವ ಸಿಕ್ಕಾಗ ತಿಳಿಹಸಿರು ಪುಡಿಯಾಗಿ ಉದುರುತ್ತ ವಿಗ್ರಹವನ್ನೇ ತಿನ್ನುವುದು ಇನ್ನೊಂದು. ಇಂಗ್ಲಿಷಿನವರು ಅದನ್ನು ಕಂಚಿನ ರೋಗವೆಂದೇ ಕರೆಯುತ್ತಾರೆ. ಕೊಳ್ಳುವವರು ಮೊದಲು ಕಲಿಯಬೇಕಾದದ್ದೇ ಈ ವ್ಯತ್ಯಾಸ. ಕಾಯುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರೇ? 'ಪ್ಯಾಟಿನಾ' ಎಂದೇ ಇಡಿ. ಎರವಲೆಂದು ಮುಖ ತಿರುಗಿಸುವವರು, ಪಾತ್ರೆಗೆ ಹಾಕಿಸುವ ಕಲಾಯಿ ಅರಬ್ಬಿಯಿಂದ ಬಂದದ್ದೆಂಬುದನ್ನು ನೆನೆಯಲಿ. ಕಂಚು ಕೂಡ ಕಾಂಸ್ಯದ ತದ್ಭವ.

ಮೊದಲು ಉತ್ತರಿಸಿದವರು:
ತದ್ಭವವೆಂದರೆ ನಾಲಿಗೆಗೆ ಒಗ್ಗಿಸಿಕೊಂಡದ್ದು. ಕಲಾಯಿಯೂ ಒಗ್ಗಿದೆ. ಪ್ಯಾಟಿನಾ ಒಗ್ಗಿಲ್ಲ, ಫಲಕದ ಮುಂದೆ ನಿಂತವರಿಗೆ ಅದರಿಂದ ಏನೂ ಹೊಳೆಯದು. ತಂದದ್ದೆಲ್ಲ ಕನ್ನಡವಾಗುವುದಿಲ್ಲ. ಎರಡು ಬಗೆಯಿದ್ದರೆ ಎರಡು ಪದ ಕಟ್ಟೋಣ. ಹಳಗನ್ನಡದಂತೆ ಹಳಗಿಲುಬು, ಉದುರುವುದಕ್ಕೆ ಪುಡಿಗಿಲುಬು. ಆದೇಶಸಂಧಿ ಇರುವುದು ಪರೀಕ್ಷೆಗೆ ಮಾತ್ರವಲ್ಲ.

ಪ್ರಶ್ನೆ ಕೇಳಿದವರು:
ಹಳಗಿಲುಬು ಚೆನ್ನಾಗಿದೆ, ಅದನ್ನೇ ಹಾಕುತ್ತೇನೆ. ಮೊದಲ ಬಾರಿ ಬರುವಲ್ಲಿ 'ಕಾಲ ಕಳೆದಂತೆ ಕಂಚಿನ ಮೇಲೆ ಮೂಡಿದ ಪದರ' ಎಂದು ವಿವರಣೆ ಕೊಡುತ್ತೇನೆ. ಇನ್ನೊಂದು ಉಳಿದಿದೆ. ಹೊಸ ಎರಕಕ್ಕೆ ಅಂಟು, ಹಸಿರು ಬಣ್ಣ ಹಚ್ಚಿ ಹಳೆಯದೆಂದು ಮಾರುತ್ತಾರಲ್ಲ, ಅದಕ್ಕೇನು ಹೇಳಲಿ?

ಮೊದಲು ಉತ್ತರಿಸಿದವರು:
ಅದಕ್ಕೆ ನಿಮ್ಮ ಲೇಪವೇ ಸರಿ. ಕಾಲ ಬೇಡ.